ಡಿಸ್ಕು ಕೆಟ್ಟಿಲ್ಲ, ನುಡಿ ಬದಲಾಗಿದೆ!

ಮನೆಯ ಮೂಲೆಯ ಮೇಜಿನ ಮೇಲೆ ಹತ್ತು-ಹನ್ನೆರಡು ವರ್ಷ ಸೇವೆ ಸಲ್ಲಿಸಿದ ಕಂಪ್ಯೂಟರು. ಮಗಳ ಮದುವೆಯ ಚಿತ್ರಗಳು, ಮೊಮ್ಮಗನ ನಾಮಕರಣದ ಚಿತ್ರಗಳು, ಯಜಮಾನರ ತೆರಿಗೆಯ ಲೆಕ್ಕ ಎಲ್ಲವೂ ಅದರ ಒಡಲಿನಲ್ಲಿ ಭದ್ರ. ಬೇಸಗೆಯ ರಜೆಗೆಂದು ವಿದ್ಯುತ್ತಿನ ಸಂಪರ್ಕ ತೆಗೆದು ಊರಿಗೆ ಹೋದ ಮನೆಯವರು ತಿಂಗಳ ತರುವಾಯ ಬಂದು ಗುಂಡಿಯೊತ್ತುತ್ತಾರೆ. ನೀಲಿಯ ಪರದೆಯೊಂದು ಮಿಂಚುತ್ತದೆ. ಅದರಲ್ಲಿ 7ಬಿ ಎಂದು ಮುಗಿಯುವ ದೋಷಸಂಖ್ಯೆ. ಯಂತ್ರ ಮತ್ತೆ ಮತ್ತೆ ಹೊರಟು, ಮತ್ತೆ ಮತ್ತೆ ಅಲ್ಲಿಯೇ ನಿಲ್ಲುತ್ತದೆ. ರಿಪೇರಿಯವನು ಬಂದು, “ಡಿಸ್ಕು ಹೋಗಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು” ಎನ್ನುತ್ತಾನೆ. ಮನೆಯಾಕೆಯ ಎದೆ ಧಸಕ್ಕೆನ್ನುತ್ತದೆ.

ಆದರೆ ಆತುರಪಡುವುದು ಬೇಡ. ಇಂತಹ ಪ್ರಸಂಗಗಳಲ್ಲಿ ಅನೇಕ ವೇಳೆ ಡಿಸ್ಕು ಸ್ವಸ್ಥವಾಗಿಯೇ ಇರುತ್ತದೆ. ಅದರೊಡನೆ ಮಾತನಾಡುವ ರೀತಿ ಮಾತ್ರ ಬದಲಾಗಿರುತ್ತದೆ.

ಇದರ ಹಿಂದೊಂದು ಕಥೆಯುಂಟು. 1980ರ ದಶಕದಲ್ಲಿ ಹುಟ್ಟಿದ ಐ.ಡಿ.ಇ. ಪದ್ಧತಿಯಲ್ಲಿ ಡಿಸ್ಕು ಒಂದು ಆಜ್ಞೆಯನ್ನು ಮುಗಿಸಿ ಇನ್ನೊಂದಕ್ಕೆ ಕಿವಿಗೊಡುತ್ತಿತ್ತು. ಬಳಿಕ ಸಾಟಾ ಡಿಸ್ಕುಗಳು ಬಂದವು. 2004ರಲ್ಲಿ ಇಂಟೆಲ್ ಸಂಸ್ಥೆಯು ಅವುಗಳಿಗೆಂದು ಎ.ಎಚ್.ಸಿ.ಐ. ಎಂಬ ಹೊಸ ಕ್ರಮವನ್ನು ಪ್ರಕಟಿಸಿತು. ಈ ಕ್ರಮದಲ್ಲಿ ಡಿಸ್ಕು 32 ಆಜ್ಞೆಗಳವರೆಗೆ ಒಟ್ಟಿಗೆ ಸ್ವೀಕರಿಸಿ, ಅಂಚೆಯವನು ಬೀದಿಯ ಕ್ರಮದಲ್ಲಿ ಕಾಗದಗಳನ್ನು ಜೋಡಿಸಿಕೊಳ್ಳುವಂತೆ, ತನಗೆ ಅನುಕೂಲವಾದ ಕ್ರಮದಲ್ಲಿ ಪೂರೈಸಬಲ್ಲದು. ಆದರೆ 2001ರ ವಿಂಡೋಸ್ ಎಕ್ಸ್‌ಪಿಗೆ ಈ ಹೊಸ ನುಡಿ ತಿಳಿಯದು. ಆದುದರಿಂದ ಎಷ್ಟೋ ಮದರ್‌ಬೋರ್ಡುಗಳು ಬಹುಕಾಲ ಐ.ಡಿ.ಇ.ಯನ್ನೇ ಮೂಲ ಆಯ್ಕೆಯಾಗಿ ಇಟ್ಟುಕೊಂಡು ಬಂದವು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ಎ.ಎಚ್.ಸಿ.ಐ.ಯನ್ನು ತಾನಾಗಿಯೇ ಅರಿತಿತ್ತು.

ಯಾವ ಕ್ರಮ ಬೇಕೆಂಬ ಆಯ್ಕೆಯು ಮದರ್‌ಬೋರ್ಡಿನ ಸೆಟಪ್‌ನಲ್ಲಿರುತ್ತದೆ. ಹಳೆಯ ಯಂತ್ರಗಳಲ್ಲಿ ಅದನ್ನು ಉಳಿಸುವುದು ನಾಣ್ಯದಾಕಾರದ ಮೂರು ವೋಲ್ಟಿನ ಪುಟ್ಟ ಬ್ಯಾಟರಿ. ಬ್ಯಾಟರಿ ಬಡವಾದರೆ ನೆನಪು ಅಳಿದು ಎಲ್ಲವೂ ಮೂಲ ಆಯ್ಕೆಗೆ ಮರಳುತ್ತದೆ. ಎ.ಎಚ್.ಸಿ.ಐ.ಯಲ್ಲಿ ಸ್ಥಾಪಿತವಾದ ವಿಂಡೋಸ್ ತನಗೆ ಬೇಡವಾದ ಇತರ ಡ್ರೈವರುಗಳನ್ನು ಮಲಗಿಸಿರುತ್ತದೆ. ಒಮ್ಮೆಲೇ ಐ.ಡಿ.ಇ. ಎದುರಾದರೆ ತನ್ನ ಮನೆಯ ಬಾಗಿಲೇ ಅದಕ್ಕೆ ಕಾಣಿಸದು!

ರೋಗದ ಗುರುತು ಸುಲಭ. ಗಡಿಯಾರದ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದಿದ್ದರೆ ಬ್ಯಾಟರಿಯ ಮೇಲೆ ಸಂದೇಹಪಡಬಹುದು. ಸಂಪರ್ಕ ಕಳಚಿ ಹೊಸ ಸಿ.ಆರ್. 2032 ಬ್ಯಾಟರಿ ಹಾಕಿದ ಮೇಲೆ, ಯಂತ್ರ ಹೊರಡುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನೊತ್ತಿ ಸೆಟಪ್ ಪ್ರವೇಶಿಸಬೇಕು. ಅಲ್ಲಿ ಡಿಸ್ಕಿನ ಹೆಸರು ಕಾಣಿಸಿದರೆ ಅರ್ಧ ಚಿಂತೆ ಕಳೆಯಿತು. ಸಾಟಾ ಮೋಡ್ ಎಂಬಲ್ಲಿ ಐ.ಡಿ.ಇ. ಎಂದಿದ್ದರೆ ಎ.ಎಚ್.ಸಿ.ಐ. ಎಂದು ಬದಲಿಸಿ, ಉಳಿಸಿ ಹೊರಬರಬೇಕು. ಕಾರಣ ಇದೇ ಆಗಿದ್ದರೆ ವಿಂಡೋಸ್ ಎಂದಿನಂತೆ ತೆರೆಯುತ್ತದೆ. ತೆರೆಯದಿದ್ದರೆ ಮೊದಲಿದ್ದಂತೆಯೇ ಇಡಬಹುದು. ಒಂಟಿ ಡಿಸ್ಕಿನ ಯಂತ್ರದಲ್ಲಿ ಐ.ಡಿ.ಇ., ಎ.ಎಚ್.ಸಿ.ಐ.ಗಳ ಅದಲುಬದಲು ಚಿತ್ರಗಳನ್ನು ಅಳಿಸುವುದಿಲ್ಲ.

ಎಚ್ಚರಿಕೆಯೂ ಬೇಕು. ಎರಡು ಡಿಸ್ಕುಗಳನ್ನು ರೇಡ್ ಕ್ರಮದಲ್ಲಿ ಜೋಡಿಸಿದ್ದರೆ ಬಲ್ಲವರಲ್ಲದೆ ಅನ್ಯರು ಕೈಯಿಡಬಾರದು. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕೆಗಳ ಮರುಪ್ರಾಪ್ತಿ ಕೀಲಿಯನ್ನು ಮೊದಲು ಹುಡುಕಿಟ್ಟುಕೊಳ್ಳಬೇಕು. ಡಿಸ್ಕು ಸೆಟಪ್‌ನಲ್ಲಿ ಕಾಣಿಸದಿದ್ದರೆ, ಅಥವಾ ಟಿಕ್ ಟಿಕ್ ಎಂದು ನರಳುತ್ತಿದ್ದರೆ, ಅದು ಬೇರೆಯೇ ವ್ಯಾಧಿ. ಯಂತ್ರವನ್ನು ಕೂಡಲೇ ನಿಲ್ಲಿಸಿ ತಜ್ಞರನ್ನು ಕಾಣುವುದು ಲೇಸು.

ಚಿತ್ರಗಳು ಮರಳಿ ಕಾಣಿಸಿದ ದಿನವೇ ಇನ್ನೊಂದು ಡಿಸ್ಕಿಗೆ ಅವುಗಳ ಪ್ರತಿ ತೆಗೆದಿಡುವುದು ಜಾಣತನ. ಮುಂದೊಮ್ಮೆ ಯಾರಾದರೂ “ಅಳಿಸಿಬಿಡೋಣ” ಎಂದಾಗ, “ಸ್ವಲ್ಪ ತಾಳಿ, ಮೊದಲು ಸೆಟಪ್ ನೋಡೋಣ” ಎನ್ನುವಷ್ಟು ಧೈರ್ಯ ಮನೆಯವರಲ್ಲಿದ್ದರೆ ಸಾಕು.