ಎಲ್‌ಇಡಿ ಇಂಡಿಕೇಟರ್: ದೀಪವನ್ನಷ್ಟೇ ಮಾರಿದರೆ ಸಾಲದು

ಆರ್ಥಿಕ ವರ್ಷದ ಕೊನೆಯಲ್ಲಿ ಕಕ್ಷಿದಾರರ ದಾಸ್ತಾನು ಎಣಿಕೆಗೆ ಹಾಜರಾಗುವುದು ಲೆಕ್ಕಪರಿಶೋಧಕರಾದ ನಮ್ಮ ವೃತ್ತಿಧರ್ಮದ ಒಂದು ಭಾಗ. ಅಂತಹ ಒಂದು ಸಂದರ್ಭದಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ದ್ವಿಚಕ್ರ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದರ ಅಟ್ಟದ ಮೇಲೆ ‘ವಾಪಸಾದ ಮಾಲು’ ಎಂದು ಬರೆದ ದೊಡ್ಡ ರಟ್ಟಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರ ತುಂಬ ಮೋಟಾರ್ ಸೈಕಲ್ಲಿನ ಎಲ್‌ಇಡಿ ಇಂಡಿಕೇಟರ್‌ಗಳು. ಅವುಗಳ ಬೆಲೆಯನ್ನು ನಷ್ಟವೆಂದು ಬರೆದುಹಾಕಲು ಮಾಲೀಕರು ಸಿದ್ಧರಿದ್ದರು. ಪಕ್ಕದ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಒಂದು 12 ವೋಲ್ಟ್ ಬ್ಯಾಟರಿಗೆ ಒಂದೊಂದನ್ನೇ ಜೋಡಿಸಿ ನೋಡಿದೆವು. ಬೆರಳೆಣಿಕೆಯಷ್ಟನ್ನು ಬಿಟ್ಟು ಉಳಿದವೆಲ್ಲವೂ ಚೆನ್ನಾಗಿ ಉರಿದವು!

ಹಾಗಾದರೆ ಗ್ರಾಹಕರು ಅವನ್ನು ಹಿಂದಿರುಗಿಸಿದ್ದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ತಿಳಿದು ಬಂದ ಸಂಗತಿಗಳು ಬಿಡಿಭಾಗಗಳ ವರ್ತಕರಿಗೂ ಸಣ್ಣ ತಯಾರಕರಿಗೂ ಉಪಯುಕ್ತವಾದೀತೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ವಿದ್ಯುತ್ತಿನ ಜಮಾ-ಖರ್ಚು

ಹಳೆಯ ಮಾದರಿಯ ಇಂಡಿಕೇಟರ್ ಬಲ್ಬು ಸಾಮಾನ್ಯವಾಗಿ 10 ವ್ಯಾಟ್‌ನದು. ಒಂದು ಬದಿಯಲ್ಲಿ ಹಿಂದೊಂದು, ಮುಂದೊಂದು ಸೇರಿ 20 ವ್ಯಾಟ್. ಇದನ್ನು 12 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 1.7 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಎಲ್‌ಇಡಿ ಇಂಡಿಕೇಟರ್ ಒಂದು ವ್ಯಾಟ್‌ನ ಆಸುಪಾಸಿನದಾದರೆ ಎರಡೂ ಸೇರಿ ಎಳೆಯುವುದು 0.2 ಆಂಪಿಯರ್‌ಗಿಂತ ಕಡಿಮೆ. ಉಳಿತಾಯ ದೊಡ್ಡದೇ, ತೊಂದರೆ ಹುಟ್ಟುವುದೂ ಆ ಉಳಿತಾಯದಿಂದಲೇ.

ದೀಪವನ್ನು ಮಿನುಗಿಸುವ ಫ್ಲಾಷರ್ ರಿಲೇ ಹಳೆಯ ಬಲ್ಬಿನ ಹೊರೆಗೆ ತಕ್ಕಂತೆ ರಚಿತವಾಗಿರುತ್ತದೆ. ಉಷ್ಣಚಾಲಿತ ರಿಲೇಯಲ್ಲಿ ಎರಡು ಲೋಹಗಳ ಪಟ್ಟಿಯೊಂದು ವಿದ್ಯುತ್ತಿನ ಬಿಸಿಗೆ ಬಾಗಿ ಸಂಪರ್ಕವನ್ನು ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಎಲ್‌ಇಡಿ ಎಳೆಯುವ ಅಲ್ಪ ವಿದ್ಯುತ್ತಿಗೆ ಪಟ್ಟಿ ಬಿಸಿಯಾಗುವುದೇ ಇಲ್ಲ. ದೀಪ ಮಿನುಗದೆ ನಿಂತುಬಿಡುತ್ತದೆ. ಎಲೆಕ್ಟ್ರಾನಿಕ್ ರಿಲೇಗಳಲ್ಲಿ ಹಲವು, ವಿದ್ಯುತ್ ಕಡಿಮೆಯಾದರೆ ‘ಒಂದು ಬಲ್ಬು ಸುಟ್ಟಿದೆ’ ಎಂದು ಭಾವಿಸಿ ಸವಾರನನ್ನು ಎಚ್ಚರಿಸಲು ಅತಿ ವೇಗವಾಗಿ ಮಿನುಗತೊಡಗುತ್ತವೆ. ಗ್ರಾಹಕ ಇದನ್ನು ನೋಡಿ ‘ದೀಪ ಸರಿಯಿಲ್ಲ’ ಎಂದು ಅಂಗಡಿಗೆ ಹಿಂದಿರುಗುತ್ತಾನೆ.

ವೇಗದ ಮಿನುಗು ಕೇವಲ ಅಂದದ ಪ್ರಶ್ನೆಯಲ್ಲ. ಇಂಡಿಕೇಟರ್ ಹಳದಿಗೆಂಪು ಬಣ್ಣದ್ದಾಗಿದ್ದು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ನ್ನು ಮೀರದಂತೆ ಮಿನುಗಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೇ ನಿಯಮ ವಿಧಿಸುತ್ತದೆ.

ಪರಿಹಾರ ಎರಡು, ವೆಚ್ಚ ಬೇರೆ ಬೇರೆ

ಮೊದಲನೆಯ ಪರಿಹಾರ, ಪ್ರತಿ ದೀಪಕ್ಕೆ ಸಮಾನಾಂತರವಾಗಿ ಒಂದು ರೆಸಿಸ್ಟರ್ ಜೋಡಿಸಿ ಕಳೆದುಹೋದ ಹೊರೆಯನ್ನು ತುಂಬಿಕೊಡುವುದು. 12 ವೋಲ್ಟ್‌ನಲ್ಲಿ 10 ವ್ಯಾಟ್ ಹೊರೆ ಬೇಕಾದರೆ 144ನ್ನು 10ರಿಂದ ಭಾಗಿಸಿದಾಗ ಬರುವ 14.4 ಓಮ್ ಸಾಕು. ಆದರೆ ಎಂಜಿನ್ ಓಡುವಾಗ ವೋಲ್ಟೇಜ್ 14ರ ಸುಮಾರಿಗೆ ಏರುವುದರಿಂದ ಅದೇ ರೆಸಿಸ್ಟರ್ ಉರಿಯುವ ಕ್ಷಣದಲ್ಲಿ 13 ವ್ಯಾಟ್‌ಗೂ ಹೆಚ್ಚು ಶಾಖವನ್ನು ಹೊರಹಾಕುತ್ತದೆ. ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾಗುವ ಈ ವಸ್ತುವನ್ನು ಟೇಪು ಸುತ್ತಿ ತಂತಿಗಳ ನಡುವೆ ತುರುಕಿದರೆ ತಂತಿಯ ಹೊದಿಕೆ ಕರಗಿ ಶಾರ್ಟ್ ಆಗುವ ಅಪಾಯವಿದೆ. ಲೋಹದ ಚೌಕಟ್ಟಿಗೆ ಬಿಗಿಯುವುದೊಂದೇ ಸರಿಯಾದ ಮಾರ್ಗ. ಜೊತೆಗೆ, ಎಲ್‌ಇಡಿಯಿಂದ ಉಳಿಸಿದ ವಿದ್ಯುತ್ತೆಲ್ಲ ಇಲ್ಲಿ ಬಿಸಿಯಾಗಿ ಖರ್ಚಾಗುತ್ತದೆ.

ಎರಡನೆಯದು, ಹಳೆಯ ರಿಲೇಯನ್ನೇ ತೆಗೆದು ಹೊರೆಯನ್ನು ಅವಲಂಬಿಸದ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕುವುದು. ಶಾಖವಿಲ್ಲ, ಉಳಿತಾಯ ಉಳಿಯುತ್ತದೆ. ಎರಡು ಪಿನ್ನಿನದೋ ಮೂರು ಪಿನ್ನಿನದೋ ಎಂಬುದನ್ನೂ ಪಿನ್‌ಗಳ ಕ್ರಮವನ್ನೂ ನೋಡಿ ಕೊಡಬೇಕು. ಕೆಲವು ಹೊಸ ವಾಹನಗಳಲ್ಲಿ ಫ್ಲಾಷರ್ ಪ್ರತ್ಯೇಕವಾಗಿರದೆ ನಿಯಂತ್ರಣ ಘಟಕದೊಳಗೇ ಅಡಕವಾಗಿರುತ್ತದೆ. ಅಂಥವುಗಳಿಗೆ ವಾಹನ ತಯಾರಕರೇ ಒಪ್ಪಿದ ದೀಪವನ್ನು ಮಾತ್ರ ಶಿಫಾರಸು ಮಾಡುವುದು ಕ್ಷೇಮ.

ನಾಲ್ಕೂ ದೀಪ ಒಟ್ಟಿಗೆ ಮಿನುಗಿದಾಗ

ವಾಪಸಾದ ಮಾಲಿನ ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮವಾದುದು. ಅನೇಕ ಮೋಟಾರ್ ಸೈಕಲ್ಲುಗಳಲ್ಲಿ ಎಡ-ಬಲ ಎರಡಕ್ಕೂ ಮೀಟರಿನ ಬಳಿ ಒಂದೇ ಸಣ್ಣ ಸೂಚಕ ಬಲ್ಬು ಇರುತ್ತದೆ. ಅದರ ಒಂದು ತುದಿ ಎಡ ತಂತಿಗೆ, ಇನ್ನೊಂದು ಬಲ ತಂತಿಗೆ. ಎಡಕ್ಕೆ ಸ್ವಿಚ್ ಹಾಕಿದಾಗ ಈ ಸಣ್ಣ ಬಲ್ಬಿನ ಮೂಲಕ ಹಾದ ವಿದ್ಯುತ್ ಬಲಬದಿಯ ದೀಪಗಳ ಮೂಲಕ ನೆಲ ಸೇರುತ್ತದೆ. ಬಲಬದಿಯ 10 ವ್ಯಾಟ್ ಬಲ್ಬುಗಳು ಅಷ್ಟು ಅಲ್ಪ ವಿದ್ಯುತ್ತಿಗೆ ಬೆಳಗುವುದಿಲ್ಲ. ಆದರೆ ಎಲ್‌ಇಡಿಗೆ ಅಷ್ಟೇ ಸಾಕು. ಪರಿಣಾಮವಾಗಿ ನಾಲ್ಕೂ ದೀಪಗಳು ಒಟ್ಟಿಗೆ ಮಿನುಗುತ್ತವೆ.

ನಮ್ಮ ರಸ್ತೆಗಳಲ್ಲಿ ನಾಲ್ಕೂ ದೀಪ ಮಿನುಗಿದರೆ ‘ಇವನು ನೇರ ಹೋಗುತ್ತಾನೆ’ ಎಂದು ತಿಳಿಯುವ ತಪ್ಪು ರೂಢಿಯೊಂದು ಬೇರೂರಿದೆ. ಮೇಲೆ ಹೇಳಿದ ಅಂಗಡಿಯಿಂದ ದೀಪ ಒಯ್ದಿದ್ದ ಯುವಕನೊಬ್ಬ ಹೀಗೆಯೇ ಬಲಕ್ಕೆ ತಿರುಗುವಾಗ, ಅವನು ನೇರ ಹೋಗುವನೆಂದು ನಂಬಿ ಬಲಬದಿಯಿಂದ ಮುಂದೆ ಸಾಗಲೆತ್ನಿಸಿದ ಸ್ಕೂಟರ್ ಸವಾರರೊಬ್ಬರು ಅವನಿಗೆ ಡಿಕ್ಕಿ ಹೊಡೆದು ಭುಜದ ಮೂಳೆ ಮುರಿದುಕೊಂಡರು. ಪೆಟ್ಟು ತಿಂದವರು ದೀಪ ಕೊಂಡವರೂ ಅಲ್ಲ, ಮಾರಿದವರೂ ಅಲ್ಲ. ಮಾಲೀಕರು ಈ ಪ್ರಸಂಗವನ್ನು ಹೇಳುವಾಗ ತಲೆ ತಗ್ಗಿಸಿದ್ದು ನನಗೆ ಇಂದಿಗೂ ನೆನಪಿದೆ.

ಇದನ್ನು ತಪ್ಪಿಸಲು ಬೇಕಾದದ್ದು ಎರಡು ಸಣ್ಣ ಡಯೋಡ್‌ಗಳು. ಎಡ ತಂತಿಯಿಂದ ಒಂದು, ಬಲ ತಂತಿಯಿಂದ ಒಂದು ಡಯೋಡನ್ನು ಸೂಚಕ ಬಲ್ಬಿನ ಒಂದೇ ತುದಿಗೆ ತಂದು, ಇನ್ನೊಂದು ತುದಿಯನ್ನು ನೆಲಕ್ಕೆ ಜೋಡಿಸಿದರೆ ವಿದ್ಯುತ್ ಆಚೆ ಬದಿಗೆ ದಾಟುವುದಿಲ್ಲ. ಡಯೋಡ್‌ಗಳ ಬೆಲೆ ಕೆಲವೇ ರೂಪಾಯಿ.

ಜೋಡಣೆಯ ಕ್ರಮ

ಗ್ರಾಹಕರಿಗೆ ಕೊಡುವ ಚೀಟಿಯಲ್ಲಿ ಕನ್ನಡದಲ್ಲಿ ಈ ಅಂಶಗಳು ಇರುವುದು ಒಳ್ಳೆಯದು.

1. ಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು.
2. ಬಲ್ಬಿಗೆ ಧನ-ಋಣ ಭೇದವಿಲ್ಲ, ಎಲ್‌ಇಡಿಗೆ ಇದೆ. ತಂತಿಯ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಬಣ್ಣವನ್ನು ನಂಬದೆ ಮಲ್ಟಿಮೀಟರ್‌ನಿಂದ ಪರೀಕ್ಷಿಸಬೇಕು.
3. ಮೂಲ ತಂತಿಯನ್ನು ಕತ್ತರಿಸದೆ, ಹೊಂದುವ ಕನೆಕ್ಟರ್ ಬಳಸಬೇಕು. ಹಳೆಯ ದೀಪವನ್ನು ಮರಳಿ ಹಾಕುವ ದಾರಿ ತೆರೆದಿರಬೇಕು.
4. ದೀಪ ಮೊದಲಿದ್ದ ಸ್ಥಾನದಲ್ಲೇ ಇರಬೇಕು. ನಂಬರ್ ಪ್ಲೇಟಿನ ಅಡಿಯಲ್ಲಿ ಅಡಗಿಸಬಾರದು.
5. ಗಡಿಯಾರ ಹಿಡಿದು ಅರ್ಧ ನಿಮಿಷ ಎಣಿಸಬೇಕು. ಮಿನುಗು 30ರಿಂದ 60ರ ಒಳಗಿರಬೇಕು. ಎಂಜಿನ್ ನಿಂತಿರುವಾಗಲೂ ಓಡುವಾಗಲೂ, ಬ್ರೇಕ್ ಮತ್ತು ಹಾರ್ನ್ ಒತ್ತಿಯೂ ನೋಡಬೇಕು.
6. ಕೊನೆಯದಾಗಿ, ನಡುಹಗಲ ಬಿಸಿಲಿನಲ್ಲಿ ಹತ್ತಿಪ್ಪತ್ತು ಹೆಜ್ಜೆ ದೂರ ನಿಂತು ಮುಂದಿನಿಂದಲೂ ಹಿಂದಿನಿಂದಲೂ ನೋಡಬೇಕು. ಅಂಗಡಿಯ ನೆರಳಿನಲ್ಲಿ ಪ್ರಖರವಾಗಿ ಕಂಡದ್ದು ಬಿಸಿಲಿನಲ್ಲಿ ಕಾಣದಿರಬಹುದು.

ತಯಾರಕರ ಗಮನಕ್ಕೆ

ಸಣ್ಣ ಘಟಕಗಳು ವೆಚ್ಚ ಉಳಿಸಲು ಮೂರು ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿ ಒಂದು ರೆಸಿಸ್ಟರ್ ಹಾಕಿ ಬಿಡುವುದುಂಟು. ಹಳದಿಗೆಂಪು ಎಲ್‌ಇಡಿ ತಲಾ ಸುಮಾರು 2 ವೋಲ್ಟ್ ತೆಗೆದುಕೊಂಡರೆ, 12 ವೋಲ್ಟ್‌ನಲ್ಲಿ ರೆಸಿಸ್ಟರ್ ಮೇಲೆ ಬೀಳುವುದು 6 ವೋಲ್ಟ್. ವಾಹನ ಓಡುವಾಗ ವೋಲ್ಟೇಜ್ 14.5ಕ್ಕೆ ಏರಿದರೆ ಅದು 8.5 ಆಗುತ್ತದೆ, ಅಂದರೆ ವಿದ್ಯುತ್ ನೂರಕ್ಕೆ ಸುಮಾರು 40ರಷ್ಟು ಹೆಚ್ಚುತ್ತದೆ. ಮೇಜಿನ ಮೇಲೆ ಬ್ಯಾಟರಿಯಿಂದ ಪರೀಕ್ಷಿಸಿ ‘ಪಾಸ್’ ಎಂದ ದೀಪ ರಸ್ತೆಯಲ್ಲಿ ಬೇಗ ಮಂಕಾಗುವುದಕ್ಕೆ ಇದೊಂದು ಕಾರಣ. ವಿದ್ಯುತ್ತನ್ನು ಸ್ಥಿರವಾಗಿಡುವ ಮಂಡಲ ಮತ್ತು ನೀರು ನುಗ್ಗದ ಮುಚ್ಚಳ, ಇವೆರಡರಲ್ಲಿ ಉಳಿತಾಯ ಮಾಡಬಾರದು.

ದ್ವಿಚಕ್ರ ವಾಹನಗಳಲ್ಲಿ ದೀಪಗಳ ಅಳವಡಿಕೆಗೆ ಎಐಎಸ್-009 ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐನಂತಹ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯುವ ಖರ್ಚನ್ನು ಬಂಡವಾಳವೆಂದೇ ಪರಿಗಣಿಸುವುದು ಸೂಕ್ತ.

ಕಾನೂನಿನ ದೃಷ್ಟಿ

ಮೋಟಾರು ವಾಹನ ಅಧಿನಿಯಮದ 52ನೇ ಪ್ರಕರಣ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಿಂದ ಬದಲಾದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ಆದ್ದರಿಂದ ನೀಲಿ, ಬಿಳಿ ಬಣ್ಣದ ಅಥವಾ ಕಪ್ಪು ಹೊಗೆಗಾಜಿನ ದೀಪಗಳ ವ್ಯಾಪಾರದಿಂದ ದೂರವಿರುವುದೇ ಲೇಸು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವನ್ನು ವರ್ತಕರು ಇನ್ನೂ ಹೆಚ್ಚು ಗಮನಿಸಬೇಕು. ಸರಿಯಾದ ಬಳಕೆಯ ಸೂಚನೆ, ಎಚ್ಚರಿಕೆ ಇಲ್ಲದ ಸರಕಿನಿಂದ ಹಾನಿಯಾದರೆ 84ನೇ ಪ್ರಕರಣದಂತೆ ತಯಾರಕನು ಹೊಣೆ. ತಯಾರಕನು ಯಾರೆಂದೇ ತಿಳಿಯದಿದ್ದರೆ 86ನೇ ಪ್ರಕರಣದಂತೆ ಮಾರಿದವನೇ ಹೊಣೆಯಾಗಬಹುದು. ಹೆಸರು-ವಿಳಾಸವಿಲ್ಲದ ಡಬ್ಬಿಯಲ್ಲಿ ಬರುವ ಅಗ್ಗದ ಮಾಲಿನ ನಿಜವಾದ ಬೆಲೆ ಇದು.

ಲಾಭ-ನಷ್ಟದ ತಾಳೆ

ತೆರಿಗೆಯನ್ನು ಬದಿಗಿಟ್ಟು ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ನಾಲ್ಕು ದೀಪಗಳ ಸೆಟ್ಟನ್ನು 400 ರೂಪಾಯಿಗೆ ಕೊಂಡು 560ಕ್ಕೆ ಮಾರಿದರೆ ಲಾಭ 160. ಹತ್ತು ಸೆಟ್ಟುಗಳಲ್ಲಿ ಎರಡು ವಾಪಸಾಗಿ, ಬಿಚ್ಚಿದ್ದರಿಂದ ಮತ್ತೆ ಮಾರಲಾಗದಿದ್ದರೆ, ಎಂಟರ ಲಾಭ 1,280ರಲ್ಲಿ 800 ಕಳೆದು ಉಳಿಯುವುದು 480 ಮಾತ್ರ. ಅದೇ ಸೆಟ್ಟಿಗೆ 90 ರೂಪಾಯಿಯ ಫ್ಲಾಷರ್, ಡಯೋಡ್, ಸೂಚನಾ ಚೀಟಿ ಸೇರಿಸಿ 680ಕ್ಕೆ ಮಾರಿದರೆ ಲಾಭ 190. ಹತ್ತರಲ್ಲಿ ಒಂದು ವಾಪಸಾದರೂ 1,710ರಲ್ಲಿ 490 ಕಳೆದು 1,220 ಉಳಿಯುತ್ತದೆ.

ತೆರಿಗೆಯಲ್ಲೂ ಎಚ್ಚರ ಬೇಕು. ಬರೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೇ ಪ್ರಕರಣದಂತೆ ಹಿಂದಿರುಗಿಸಬೇಕು. ವಾಪಸಾದ ಮಾಲಿಗೆ ಕ್ರೆಡಿಟ್ ನೋಟ್ ಕೊಟ್ಟರೆ, ಅದನ್ನು ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಘೋಷಿಸಬೇಕು. ಇಂಡಿಕೇಟರ್ ದ್ವಿಚಕ್ರ ವಾಹನದ ಭಾಗವೆಂದು 8714ರ ಅಡಿ ಬಿಲ್ಲು ಬರೆಯುವುದು ತಪ್ಪು. ವಾಹನಗಳ ವಿದ್ಯುತ್ ಸಂಕೇತ ಉಪಕರಣಗಳ ಶೀರ್ಷಿಕೆ 8512.

ಅಂದು ಆ ಪೆಟ್ಟಿಗೆಯ ಮಾಲನ್ನು ನಾವು ಬರೆದುಹಾಕಲಿಲ್ಲ. ಸರಿಯಿದ್ದವಕ್ಕೆ ಫ್ಲಾಷರ್, ಡಯೋಡ್ ಮತ್ತು ಒಂದು ಪುಟದ ಚೀಟಿಯನ್ನು ಸೇರಿಸಿ, ಹಿಂದೆ ವಾಪಸಾದ ಮಾಲೆಂದು ತಿಳಿಸಿಯೇ ರಿಯಾಯಿತಿ ದರದಲ್ಲಿ ಮಾರಲಾಯಿತು. ಅಟ್ಟದ ಮೇಲೆ ಈಗ ಅಂತಹ ಪೆಟ್ಟಿಗೆಯಿಲ್ಲ. ಇಂತಹ ಸರಕನ್ನು ವ್ಯವಹರಿಸುವ ಸದಸ್ಯರು ತಮ್ಮ ಅಂಗಡಿಯ ವಾಪಸಾತಿ ಪುಸ್ತಕವನ್ನು ಒಮ್ಮೆ ತೆರೆದು, ಪ್ರತಿ ನಮೂದಿನ ಮುಂದೆ ‘ಏಕೆ’ ಎಂಬ ಒಂದು ಅಂಕಣವನ್ನು ಸೇರಿಸಿಕೊಳ್ಳಬೇಕೆಂದು ವಿನಂತಿ. ನಷ್ಟದ ಕಾರಣ ಅಲ್ಲಿ ತಿಳಿದೀತು. ರಸ್ತೆಯಲ್ಲಿ ಹಿಂದೆ ಬರುವವರ ಕ್ಷೇಮವೂ ಅದರಲ್ಲಿ ಅಡಗಿದೆ.