ನೋವಿನ ನೆನಪಿಗೆ ತಾರೀಕು ಹಾಕುವ ಕೆಲಸ

ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಅದರ ಒಂದು ತುದಿ ಹುಟ್ಟಿದ ದಿನ. ಇನ್ನೊಂದು ತುದಿಯನ್ನು ಪೂರ್ತಿ ಬಿಚ್ಚದೆ ಸುರುಳಿ ಸುತ್ತಿಯೇ ಇಡುತ್ತಾರೆ; ಅದು ಇನ್ನೂ ಬದುಕಬೇಕಾದ ಭಾಗ. ಪಕ್ಕದಲ್ಲಿ ಒಂದಿಷ್ಟು ಹೂವು, ಒಂದಿಷ್ಟು ಕಲ್ಲು. ಒಳ್ಳೆಯದು ನಡೆದ ಕಡೆ ಹೂವು, ಕೆಟ್ಟದ್ದು ನಡೆದ ಕಡೆ ಕಲ್ಲು. ಯಾವ ಕಲ್ಲು ಎಷ್ಟು ದೊಡ್ಡದು, ಎಲ್ಲಿಡಬೇಕು ಎಂಬುದು ಆ ಬದುಕನ್ನು ಬದುಕಿದವರ ತೀರ್ಮಾನ. ಪ್ರತಿ ಕಲ್ಲಿಗೂ ಒಂದು ಹೆಸರು ಹೇಳಿದರೆ ಸಾಕು: 'ಊರು ಬಿಟ್ಟ ರಾತ್ರಿ', 'ಅಣ್ಣ ಹೋದದ್ದು'. ಅವತ್ತಿನ ಮಟ್ಟಿಗೆ ಅದಕ್ಕಿಂತ ಹೆಚ್ಚು ಕೇಳುವುದಿಲ್ಲ.

ಇದು ನರೇಟಿವ್ ಎಕ್ಸ್‌ಪೋಶರ್ ಥೆರಪಿ ಎಂಬ ಚಿಕಿತ್ಸೆಯ ಆರಂಭ. ಜರ್ಮನಿಯ ಕಾನ್‌ಸ್ಟಾನ್ಜ್ ವಿಶ್ವವಿದ್ಯಾಲಯದ ಮ್ಯಾಗಿ ಶಾವರ್, ಫ್ರಾಂಕ್ ನಾಯ್ನರ್, ಥಾಮಸ್ ಎಲ್ಬರ್ಟ್ ಇದನ್ನು ರೂಪಿಸಿದರು. ಅವರ ಎದುರಿಗಿದ್ದವರು ಯುದ್ಧ, ಹಿಂಸೆ, ವಲಸೆ ಒಂದರ ಮೇಲೊಂದು ಬಿದ್ದು ಹಣ್ಣಾದವರು. 'ನಿಮಗೆ ಅತಿ ನೋವು ಕೊಟ್ಟ ಘಟನೆ ಯಾವುದು?' ಎಂದು ಒಂದನ್ನು ಆರಿಸಿಕೊಳ್ಳಲು ಕೇಳುವುದರಲ್ಲಿ ಅರ್ಥವೇ ಇಲ್ಲದವರು. ಹಾಗಾಗಿ ಇಡೀ ಬದುಕನ್ನೇ ಹುಟ್ಟಿನಿಂದ ವರಸೆಯಾಗಿ ಹೇಳಿಸುವ ದಾರಿ ಹಿಡಿದರು.

ಮುಂದಿನ ಭೇಟಿಗಳು ಸಾಮಾನ್ಯವಾಗಿ ಒಂದೂವರೆ, ಎರಡು ಗಂಟೆ ನಡೆಯುತ್ತವೆ. ಕಥೆ ಕಲ್ಲಿನ ಹತ್ತಿರ ಬಂದಾಗ ವೇಗ ಕಡಿಮೆಯಾಗಬೇಕು. ಏನು ಕಂಡಿತು, ಏನು ಕೇಳಿಸಿತು, ಮೈಗೆ ಏನಾಯಿತು, ಮನಸ್ಸಿನಲ್ಲಿ ಏನು ಬಂತು ಎಂದು ಚಿಕಿತ್ಸಕರು ಮೆಲ್ಲಗೆ ಕೇಳುತ್ತಾ ಹೋಗುತ್ತಾರೆ. ಜೊತೆಗೇ ಆಗಾಗ ಇವತ್ತಿಗೆ ಕರೆತರುತ್ತಾರೆ: 'ಆಗ ಕೈ ನಡುಗಿತ್ತಾ? ಈಗಲೂ ನಡುಗ್ತಿದೆಯಾ? ಈ ಕೋಣೇಲಿ ಯಾರ್‍ಯಾರಿದ್ದೀವಿ ನೋಡಿ.' ಭಯ ನೆತ್ತಿಗೇರಿದ ಹೊತ್ತಿನಲ್ಲಿ ಮಾತು ನಿಲ್ಲಿಸಿ ಮನೆಗೆ ಕಳಿಸುವುದಿಲ್ಲ. ಅದು ಇಳಿಯುವವರೆಗೆ ಜೊತೆಗಿದ್ದು, ಆ ಘಟನೆ ಮುಗಿದ ಮೇಲೆ ಏನಾಯಿತು ಎಂಬಲ್ಲಿಗೆ ಮುಟ್ಟಿಸಿಯೇ ಎದ್ದೇಳುತ್ತಾರೆ. ಹೇಳಿದ್ದನ್ನು ಚಿಕಿತ್ಸಕರು ಬರೆದಿಟ್ಟುಕೊಂಡು ಮುಂದಿನ ಸಲ ಓದಿ ಹೇಳುತ್ತಾರೆ. ತಪ್ಪಿದ್ದರೆ ತಿದ್ದಬಹುದು, ಬಿಟ್ಟದ್ದನ್ನು ಸೇರಿಸಬಹುದು. ಕೊನೆಗೆ ಪೂರ್ತಿ ಬರಹ ಕಥೆ ಹೇಳಿದವರ ಕೈಗೇ ಹೋಗುತ್ತದೆ.

ಇಷ್ಟಕ್ಕೆ ಯಾಕೆ ಗುಣ ಕಾಣಬೇಕು? ಜೀವಭಯದ ಗಳಿಗೆಯಲ್ಲಿ ವಾಸನೆ, ಸದ್ದು, ಎದೆಬಡಿತ ಇವೆಲ್ಲ ನೆನಪಿನಲ್ಲಿ ಗಟ್ಟಿಯಾಗಿ ಅಚ್ಚಾಗುತ್ತವೆ. ಎಲ್ಲಿ, ಯಾವಾಗ, ಮೊದಲೇನು, ಆಮೇಲೇನು ಎಂಬುದು ಮಾತ್ರ ಸಡಿಲವಾಗಿ ಉಳಿಯುತ್ತದೆ. ಪುಟಸಂಖ್ಯೆ ಇಲ್ಲದೆ ಚೆಲ್ಲಾಪಿಲ್ಲಿಯಾದ ಹಾಳೆಗಳ ಹಾಗೆ. ಗುಂಡಿನ ಸದ್ದು ಕೇಳಿ ಓಡಿದವರಿಗೆ ದೀಪಾವಳಿಯ ಪಟಾಕಿ ಹಳೆಯದನ್ನು ನೆನಪಿಸಿ ಸುಮ್ಮನಾಗುವುದಿಲ್ಲ. ಅದು ಈಗಲೇ ನಡೆಯುತ್ತಿದೆ ಎಂದು ಮೈ ನಂಬಿಬಿಡುತ್ತದೆ. ವರಸೆಯಾಗಿ ಹೇಳಿಸುವುದರ ಉದ್ದೇಶ ಆ ಬಿಡಿ ಚೂರುಗಳಿಗೆ ಊರು, ತಾರೀಕು, ಆರಂಭ, ಮುಕ್ತಾಯ ಕೊಡುವುದು. ನೆನಪು ಅಳಿಸುವುದಿಲ್ಲ, ಆದರೆ ಅದು ಹಳೆಯದಾಗುತ್ತದೆ.

ಪರೀಕ್ಷೆಗೆ ಒಡ್ಡಿದಾಗ ಫಲ ಕಂಡಿದೆ. ಉಗಾಂಡಾದ ಶಿಬಿರವೊಂದರಲ್ಲಿದ್ದ 43 ಸುಡಾನಿ ನಿರಾಶ್ರಿತರ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಾಗಿ ಒಂದು ವರ್ಷದ ಬಳಿಕವೂ ಪಿಟಿಎಸ್‌ಡಿ (ಆಘಾತದ ನಂತರವೂ ಕಾಡುವ ಮನೋವ್ಯಾಧಿ) ಉಳಿದಿದ್ದದ್ದು ಹೀಗೆ ಕಥೆ ಹೇಳಿದವರಲ್ಲಿ ಶೇ. 29 ಮಂದಿಗೆ, ಸಾಂತ್ವನದ ಆಪ್ತಸಮಾಲೋಚನೆ ಪಡೆದವರಲ್ಲಿ ಶೇ. 79 ಮಂದಿಗೆ. ಸಣ್ಣ ಗುಂಪು, ಆದರೂ ಅಂತರ ದೊಡ್ಡದು. ಅದೇ ದೇಶದ ನಕಿವಾಲೆ ಶಿಬಿರದಲ್ಲಿ ನಿರಾಶ್ರಿತರಿಗೇ ತರಬೇತಿ ಕೊಟ್ಟು ಚಿಕಿತ್ಸಕರನ್ನಾಗಿ ಮಾಡಿದಾಗಲೂ ಗುಣವಾಯಿತು. ಅಲ್ಲಿ ಹೋಲಿಕೆಗೆ ಇಟ್ಟಿದ್ದ ಇನ್ನೊಂದು ಬಗೆಯ ಆಪ್ತಸಮಾಲೋಚನೆಯೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಿತು. ಹಾಗಾಗಿ ಇದೊಂದೇ ಮದ್ದು ಎಂದು ಯಾರಾದರೂ ಸಾರಿದರೆ ನಾನಂತೂ ಒಪ್ಪುವುದಿಲ್ಲ.

ನಮ್ಮಲ್ಲಿ 'ಹೇಳಿಕೊಂಡುಬಿಡು, ಹಗುರವಾಗುತ್ತೆ' ಎನ್ನುವ ಮಾತು ಸಲೀಸಾಗಿ ಬರುತ್ತದೆ. ಅದು ಅರ್ಧ ನಿಜ. ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ, ಪರಿಹಾರದ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯಲ್ಲಿ, ಟೀವಿಯವರ ಮೈಕಿನ ಮುಂದೆ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿದವರು ಯಾರೂ ಹಗುರವಾಗಿ ಮನೆಗೆ ಬರುವುದಿಲ್ಲ. ಅಲ್ಲೆಲ್ಲ ಕೇಳುವವರಿಗೆ ಬೇಕಾದ ಕ್ರಮದಲ್ಲಿ, ಕೇಳುವವರ ಅನುಮಾನದ ಎದುರು ಹೇಳಬೇಕು. ತೀರಾ ನೋಯುವ ಜಾಗಕ್ಕೆ ಬಂದಾಗ 'ಸರಿ, ಸಹಿ ಹಾಕಿ' ಎಂದು ಮಾತು ತುಂಡಾಗುತ್ತದೆ. ಹೇಳುವವರ ಕೈಯಲ್ಲಿ ಹಿಡಿತವಿಲ್ಲದ ಮಾತು ಗಾಯವನ್ನು ಕೆದಕಿ ಹಾಗೇ ಬಿಟ್ಟುಹೋಗುತ್ತದೆ.

ತುರ್ತಿನಲ್ಲಿ ಹೇಳಿಸುವುದೂ ಅಷ್ಟೇ. 1980ರ ದಶಕದಲ್ಲಿ ಅಮೆರಿಕದಲ್ಲಿ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಗೆಂದು 'ಡೀಬ್ರೀಫಿಂಗ್' ಎಂಬ ಕ್ರಮ ಶುರುವಾಯಿತು: ದುರಂತವಾದ ಕೆಲವೇ ದಿನಗಳಲ್ಲಿ ಒಂದೇ ಸಭೆಯಲ್ಲಿ ಎಲ್ಲವನ್ನೂ ಹೊರಹಾಕಿಸುವುದು. ಆಮೇಲೆ ಎಲ್ಲ ಬಗೆಯ ಸಂತ್ರಸ್ತರಿಗೂ ಅದು ಹಬ್ಬಿತು. ಇಂಗ್ಲೆಂಡಿನಲ್ಲಿ ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷ ಹಿಂಬಾಲಿಸಿ ನೋಡಿದಾಗ, ಮೊದಲೇ ತೀವ್ರವಾಗಿ ಕಂಗೆಟ್ಟಿದ್ದು ಇಂಥ ಡೀಬ್ರೀಫಿಂಗ್‌ಗೂ ಕೂತವರು, ಅಷ್ಟೇ ಕಂಗೆಟ್ಟಿದ್ದು ಏನನ್ನೂ ಪಡೆಯದವರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಬೇಡಿ ಎಂದು ಸಲಹೆ ಕೊಟ್ಟಿತು. ಭೂಕುಸಿತ, ಪ್ರವಾಹ, ಅಪಘಾತವಾದ ಮೊದಲ ದಿನಗಳಲ್ಲಿ ಬೇಕಾಗುವುದು ಮಲಗಲು ಜಾಗ, ಊಟ, ಮನೆಯವರ ಸುದ್ದಿ, ಹತ್ತಿರ ಕೂರುವ ಒಬ್ಬರು. ತಾವಾಗಿ ಹೇಳಿದರೆ ಕೇಳಿ, ಹೇಳದಿದ್ದರೆ ಕೇಳಲು ಹೋಗಬೇಡಿ. 'ಪುಣ್ಯಕ್ಕೆ ನೀನಾದ್ರೂ ಉಳಿದೆಯಲ್ಲ' ಎನ್ನುವುದನ್ನು ನುಂಗಿಕೊಳ್ಳುವುದು ಒಳ್ಳೆಯದು. ಉಳಿದದ್ದೇ ತಪ್ಪು ಎಂದು ಕೊರಗುವವರಿಗೆ ಅದು ಚುಚ್ಚುತ್ತದೆ.

ಖಾಸಗಿ ಕೋಣೆಯಾಚೆ ಹೇಳಿ ಚೇತರಿಸಿಕೊಂಡ ಉದಾಹರಣೆಗಳೂ ಇವೆ. ಚಿಲಿಯ ಸೇನಾಡಳಿತದಲ್ಲಿ ಚಿತ್ರಹಿಂಸೆಗೊಳಗಾದವರ ಮಾತನ್ನು ಸಾಕ್ಷ್ಯವಾಗಿ ದಾಖಲಿಸುತ್ತಲೇ ಚಿಕಿತ್ಸೆ ನೀಡಿದ ಇಬ್ಬರು, ಜೀವಭಯದಿಂದ ಹೆಸರು ಮರೆಸಿಕೊಂಡು 1983ರಲ್ಲಿ ಆ ಕ್ರಮದ ಬಗ್ಗೆ ಬರೆದು ಪ್ರಕಟಿಸಿದರು. ವಾರಾಣಸಿಯ ಮಾನವ ಹಕ್ಕು ಸಂಘಟನೆಯೊಂದು ಡೆನ್ಮಾರ್ಕಿನ ತಜ್ಞರ ಜೊತೆಗೂಡಿ ಈ ಕ್ರಮವನ್ನು ಪೊಲೀಸ್ ಹಿಂಸೆಗೆ ಸಿಕ್ಕವರಿಗಾಗಿ ಒಗ್ಗಿಸಿಕೊಂಡಿತು. ಅಲ್ಲಿ ಸಾಕ್ಷ್ಯ ಬರೆದು ಮುಗಿದ ಮೇಲೆ, ಸಂತ್ರಸ್ತರು ಒಪ್ಪಿದರೆ, ಜನರೆದುರು ಓದಿ, ಗೌರವಿಸಿ, ಅವರ ಕೈಗೆ ಕೊಡುತ್ತಾರೆ. ಊರೆದುರು ಅವಮಾನವಾದವರಿಗೆ ಊರೆದುರೇ ಮಾನ ಸಿಗುವುದು ಬಹಳ ದೊಡ್ಡದು.

ಆದರೆ ಸಾರ್ವಜನಿಕವಾಗಿ ಹೇಳಿದ್ದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ಹೆಸರು ಹಾಕಬೇಕೇ, ಮನೆಯವರಿಗೆ ತೊಂದರೆಯಾದೀತೇ, ನಡೆಯುತ್ತಿರುವ ಕೇಸಿಗೆ ಧಕ್ಕೆಯೇ ಎಂಬುದನ್ನು ಮೊದಲೇ ವಕೀಲರ ಹತ್ತಿರ ಮಾತಾಡಿಕೊಳ್ಳುವುದು ಕ್ಷೇಮ. ಅತ್ಯಾಚಾರದಂಥ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು. ಸಂತ್ರಸ್ತರೇ ಬರೆದು ಒಪ್ಪಿಗೆ ಕೊಟ್ಟರೆ ಮಾತು ಬೇರೆ. ಸಂತ್ರಸ್ತರು ಮಕ್ಕಳಾಗಿದ್ದರೆ ಪೋಕ್ಸೊ ಕಾಯ್ದೆ ಮಾಧ್ಯಮಗಳ ಮೇಲೆ ಇನ್ನೂ ಬಿಗಿ.

ಎಲ್ಲರೂ ಈಗಲೇ ಹೇಳಬೇಕು ಎಂದೂ ಇಲ್ಲ. ಹೊಡೆಯುವವರ ಮನೆಯಲ್ಲೇ ಇನ್ನೂ ಇರುವವರಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ. ಸಾಯುವ ಯೋಚನೆ ಬಲವಾಗಿದ್ದಾಗ, ಕುಡಿತ ಕೈಮೀರಿದಾಗ ಮನೋವೈದ್ಯರು ಅದನ್ನು ಮೊದಲು ನೋಡುತ್ತಾರೆ. ಎಲ್ಲಿಂದ ಶುರುಮಾಡುವುದು ಎಂದು ತಿಳಿಯದವರಿಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ: 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮೊದಲ ಕರೆಯಲ್ಲೇ ನಡೆದದ್ದನ್ನೆಲ್ಲ ಹೇಳಬೇಕಾಗಿಲ್ಲ. ಎಷ್ಟೋ ದಿನದಿಂದ ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿದರೂ ಮಾತು ಅಲ್ಲಿಂದ ಮುಂದುವರಿಯುತ್ತದೆ.