ಗೊರಸು ನೋಡುವಂತೆ ಪಾದವನ್ನೂ ನೋಡಿ



ಎತ್ತು ಕುಂಟಿದರೆ ನಾವು ಸುಮ್ಮನಿರುವುದಿಲ್ಲ. ಕೂಡಲೇ ಗೊರಸು ಎತ್ತಿ, ಕಲ್ಲು ಸಿಕ್ಕಿದೆಯೋ, ಲಾಳ ಸಡಿಲವಾಗಿದೆಯೋ ಅಂತ ನೋಡುತ್ತೇವೆ. ನಮ್ಮ ಕಾಲಿಗೇ ಏನಾದರೂ ಆದರೆ ಮಾತ್ರ, "ಏನ್ ಮಹಾ, ನಾಳೆ ಹೋಗುತ್ತೆ ಬಿಡಿ" ಅಂದುಬಿಡುತ್ತೇವೆ. ಬೇಸಾಯವೆಲ್ಲ ನಿಂತಿರುವುದು ಈ ಎರಡು ಪಾದಗಳ ಮೇಲೆ ತಾನೆ?

ಮೊದಲು ಕೆಸರಿನ ಮಾತು. ನಾಟಿಯ ಕಾಲದಲ್ಲಿ ದಿನವೆಲ್ಲ ನೀರಿನಲ್ಲಿ ನಿಂತರೆ ಬೆರಳ ಸಂದು ಬೆಳ್ಳಗೆ ನೆಂದು, ಕಡಿತವೆದ್ದು, ಬಿರಿಯುತ್ತದೆ. ಬೂಷ್ಟಿನ ಜಾತಿಯ ರೋಗಾಣು ಅಲ್ಲಿ ಬೇರೂರುತ್ತದೆ. ಮನೆಗೆ ಬಂದೊಡನೆ ಸೋಪು ಹಾಕಿ ತೊಳೆಯಿರಿ. ಒಣಬಟ್ಟೆಯಿಂದ ಸಂದು ಸಂದನ್ನೂ ಒರಸಿರಿ. ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟರೆ, ಕಡಿತ ನಿಂತಿತೆಂದು ಬಿಡದೆ ಹೇಳಿದಷ್ಟು ದಿನವೂ ಹಚ್ಚಿರಿ. ಹಿಮ್ಮಡಿ ಒಡೆದಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಮೆತ್ತಗೆ ಉಜ್ಜಿ, ಒರಸಿ, ವ್ಯಾಸಲೀನ್ ಸವರಿ ಮಲಗಿರಿ.

ಇನ್ನು ಮುಳ್ಳು, ಮೊಳೆ, ಕುಡುಗೋಲಿನ ಗಾಯ. ಇವಕ್ಕೆ ಸಗಣಿ, ಸುಣ್ಣ ಮೆತ್ತಲೇಬಾರದು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ಸಗಣಿಯಲ್ಲಿ. ಸೋಪು ನೀರಿನಿಂದ ಚೆನ್ನಾಗಿ ತೊಳೆದು ಆರೋಗ್ಯ ಕೇಂದ್ರಕ್ಕೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು.

ಮಕ್ಕಳ ವಿಷಯ ಬೇರೆ. ಬಯಲುಕಡೆಗೆ ಹೋಗುವ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳುವಿನ ಮರಿ ಚರ್ಮ ಕೊರೆದು ಒಳಹೊಕ್ಕು, ಕರುಳು ಸೇರಿ ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ. ಪಾಯಿಖಾನೆ, ಪಾದರಕ್ಷೆ, ಶಾಲೆ ಅಂಗನವಾಡಿಯಲ್ಲಿ ಕೊಡುವ ಹುಳುವಿನ ಮಾತ್ರೆ, ಈ ಮೂರೂ ಬೇಕು. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿದ್ದರೆ ಅದು ಗ್ರಹಣದ ದೋಷವೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಮೊದಲ ವಾರಗಳಲ್ಲೇ ತೋರಿಸಿದರೆ ವೈದ್ಯರು ವಾರಕ್ಕೊಂದರಂತೆ ಐದಾರು ಸಲ ಗಾರೆಪಟ್ಟಿ ಹಾಕಿ ಪಾದವನ್ನು ಸರಿಗೆ ತರುತ್ತಾರೆ. ಇದು ಪೊನ್ಸೆಟಿ ಎಂಬ ವೈದ್ಯರು ರೂಪಿಸಿದ ಕ್ರಮ. ಆಮೇಲೆ ನಾಲ್ಕೈದು ವರ್ಷದವರೆಗೆ ಮಲಗುವಾಗ ವಿಶೇಷ ಬೂಟು ತೊಡಿಸಬೇಕು. ಅದನ್ನು ನಡುವೆ ಬಿಟ್ಟರೆ ಪಾದ ಮತ್ತೆ ತಿರುಚೀತು.

ಈಗ ಮುಖ್ಯ ಮಾತು. ನೋಯುವ ಗಾಯಕ್ಕಿಂತ ನೋಯದ ಗಾಯ ಕೆಟ್ಟದ್ದು. ನೋವು ನಮ್ಮ ಕಾವಲುಗಾರ. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಯಲ್ಲಿಲ್ಲದಿದ್ದರೆ ಪಾದದ ನರ ಸತ್ತು, ಮುಳ್ಳು ಮುರಿದರೂ ತಿಳಿಯುವುದಿಲ್ಲ. ಗಾಯ ಒಳಗೊಳಗೇ ಕೊಳೆತು, ಕಡೆಗೆ ಕಾಲನ್ನೇ ತೆಗೆಯಬೇಕಾಗಿ ಬರುವುದುಂಟು. ಇಂಥವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಮೆಟ್ಟು ಹಾಕುವ ಮೊದಲು ಒಳಗೆ ಕಲ್ಲು, ಮೊಳೆ ಇದೆಯೇ ಎಂದು ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು, ಆಣಿಪಟ್ಟಿಯನ್ನೂ ಅಂಟಿಸಬಾರದು. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಅದು ಕುಷ್ಠ ಇರಬಹುದು, ಮುಚ್ಚಿಡಬೇಡಿ. ಆರು ಅಥವಾ ಹನ್ನೆರಡು ತಿಂಗಳ ಮಾತ್ರೆಯಿಂದ ಅದು ಗುಣವಾಗುತ್ತದೆ, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಸಂಜೆ ಕಾಲು ತೊಳೆಯುವುದು ನಮ್ಮ ಹಿರಿಯರ ರೂಢಿ. ಅದಕ್ಕೆ ಇನ್ನೊಂದು ಕೆಲಸ ಸೇರಿಸಿ: ದೀಪದ ಬೆಳಕಿನಲ್ಲಿ ಅಂಗಾಲನ್ನೂ ನೋಡಿ. ಅಜ್ಜನಿಗೆ ಬಗ್ಗಲಾಗದಿದ್ದರೆ ಮೊಮ್ಮಗಳು ನೋಡಲಿ. ಕೆಂಪು, ಬಾವು, ಕೀವು ಕಂಡರೆ ಮಾರನೆಯ ದಿನವೇ ವೈದ್ಯರಲ್ಲಿಗೆ ಹೊರಡಿ. ಸಂತೆಯ ದಿನದವರೆಗೆ ಕಾಯಬೇಡಿ.